ವಾಹನದ ಹೊಟ್ಟೆ ತೊಳೆಯಿರಿ

ಬೋರ್ಡೋ ದ್ರಾವಣದ ಹದ ನೋಡಲು ಕತ್ತಿ ಅದ್ದುವ ಕ್ರಮ ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು. ಉಜ್ಜಿ ಹೊಳಪು ಬಂದ ಕತ್ತಿಯನ್ನು ಸ್ವಲ್ಪ ಹೊತ್ತು ಮುಳುಗಿಸಿ ತೆಗೆಯುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಆಯಿತು.

ಆದರೆ ಕತ್ತಿಯ ಮಟ್ಟಿಗೆ ಆದದ್ದೇನು? ತಾಮ್ರ ಸುಮ್ಮನೆ ಬಂದು ಕೂತದ್ದಲ್ಲ. ತಾಮ್ರ ಕೂತ ಜಾಗದಲ್ಲಿ ಕಬ್ಬಿಣ ಕರಗಿ ನೀರಿಗೆ ಸೇರಿದೆ. ಒಂದು ಕೊಟ್ಟು ಇನ್ನೊಂದು ಪಡೆಯುವ ವ್ಯಾಪಾರ ಅದು. ಮೈಲುತುತ್ತು ಕರಗಿಸಲು ಕಬ್ಬಿಣದ ಪಾತ್ರೆ ಬೇಡ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಪಾತ್ರೆಯ ವಿಷಯದಲ್ಲಿ ಇಷ್ಟು ಜಾಗ್ರತೆ ಮಾಡುವ ನಾವು ಅದೇ ಮೈಲುತುತ್ತಿನ ಚೀಲವನ್ನು ಜೀಪು, ಓಮ್ನಿ, ಪಿಕಪ್ಪುಗಳ ತಗಡಿನ ಮೇಲೆ ಹಾಕಿ ತರುತ್ತೇವೆ. ಚೀಲದ ಮೂಲೆಯಿಂದ ಒಂದು ಹಿಡಿ ಉದುರಿದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಟಿಯ ಒದ್ದೆ ತಾಗಿದರೆ ಆ ಹರಳು ಕರಗಿ ಮ್ಯಾಟಿನ ಅಡಿಗೆ ಇಳಿಯುತ್ತದೆ. ಕತ್ತಿಗೆ ಆದದ್ದೇ ಅಲ್ಲಿಯೂ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕೃಷಿಕರ ವಾಹನ ಪೇಟೆಯವರ ಕಾರಿನ ಹಾಗಲ್ಲ. ಅದಕ್ಕೆ ತಗಲುವ ಕೊಳೆ ಬೇರೆ, ಹಾಗಾಗಿ ತೊಳೆಯುವ ಕ್ರಮವೂ ಬೇರೆಯಾಗಬೇಕು. ಬಾನೆಟ್ಟು ಹೊಳೆಯದಿದ್ದರೆ ನಷ್ಟವಿಲ್ಲ. ಅಡಿಯ ತಗಡು, ಛಾಸಿ, ಬ್ರೇಕ್ ಪೈಪು ಉಳಿಯಬೇಕು.

ನಮ್ಮ ಸಮೀಪದ ಒಬ್ಬರ ಪಿಕಪ್ಪು ಹೊರಗಿನಿಂದ ನೋಡಿದರೆ ಬಹಳ ಚೆಂದ. ವಾರಕ್ಕೊಮ್ಮೆ ಒರೆಸಿ ಇಡುತ್ತಿದ್ದರು. ಬ್ರೇಕು ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ ಎಂದು ಗ್ಯಾರೇಜಿಗೆ ಕೊಂಡು ಹೋದಾಗ ಮೆಕ್ಯಾನಿಕ್ ಅಡಿಗೆ ಮಲಗಿ ನೋಡಿ, "ಇದರಲ್ಲಿ ಘಾಟಿ ಇಳಿದಿದ್ದೀರಾ ಮಾರಾಯ್ರೆ?" ಎಂದು ಕೇಳಿದನಂತೆ. ಬ್ರೇಕ್ ಎಣ್ಣೆ ಹೋಗುವ ಉಕ್ಕಿನ ಪೈಪು ತುಕ್ಕು ತಿಂದು ಕಾಗದದಷ್ಟಾಗಿತ್ತು. ಎಣ್ಣೆ ಜಿನುಗುತ್ತಿತ್ತು. ಇದು ಬರೇ ದುಡ್ಡಿನ ವಿಷಯ ಅಲ್ಲ ಎಂದು ಹೇಳಲು ಈ ಉದಾಹರಣೆ ಸಾಕು.

ಯಾವುದು ತಿನ್ನುತ್ತದೆ?

ಮೈಲುತುತ್ತು: ಸರಿಯಾಗಿ ಸುಣ್ಣ ಬಿದ್ದ, ಹದವಾದ ಬೋರ್ಡೋ ಕಬ್ಬಿಣಕ್ಕೆ ದೊಡ್ಡ ವೈರಿಯಲ್ಲ. ಅಪಾಯ ಇರುವುದು ಬಿಡಿ ಮೈಲುತುತ್ತಿನ ಹರಳಿನಿಂದ ಮತ್ತು ಸುಣ್ಣ ಸೇರಿಸುವ ಮೊದಲಿನ ನೀಲಿ ನೀರಿನಿಂದ. ಇನ್ನೊಂದು ತೊಂದರೆ ಉಂಟು. ಕಬ್ಬಿಣದ ಮೇಲೆ ತಾಮ್ರದ ತೆಳು ಪದರ ಒಮ್ಮೆ ಕೂತರೆ, ಮೈಲುತುತ್ತು ತೊಳೆದು ಹೋದ ಮೇಲೂ ಅದರ ಪಕ್ಕದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಎರಡು ಲೋಹಗಳ ನಡುವೆ ಒದ್ದೆ ಇದ್ದರೆ ಅದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಅದರಲ್ಲಿ ಸವೆಯುವುದು ಕಬ್ಬಿಣ.

ಪೊಟ್ಯಾಷ್: ನಾವು ತೋಟಕ್ಕೆ ಹಾಕುವ ಎಂ.ಒ.ಪಿ. ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಒಡಹುಟ್ಟು. ಅದರ ತೂಕದ ಹತ್ತಿರಹತ್ತಿರ ಅರ್ಧಪಾಲು ಕ್ಲೋರೈಡ್. ಕಡಲ ಕರೆಯ ಕಬ್ಬಿಣದ ಗೇಟು ಬೇಗ ಹಾಳಾಗುವುದು ಯಾವುದರಿಂದಲೋ ಅದೇ ಇಲ್ಲಿಯೂ. ಹೋರಾಟಕ್ಕೆ ಇಳಿಯುವ ಮೊದಲೇ ಬಣ್ಣದ ಸಣ್ಣ ಬಿರುಕಿನಲ್ಲಿ ಇಳಿದು ಒಳಗಿನಿಂದ ತಿನ್ನುತ್ತದೆ. ಮಳೆಗಾಲದ ಗಾಳಿಯಿಂದ ಪೊಟ್ಯಾಷೂ ಯೂರಿಯವೂ ತಾವೇ ನೀರು ಎಳೆದುಕೊಳ್ಳುತ್ತವೆ. ಹಾಗಾಗಿ ಅವು ಬಿದ್ದ ಜಾಗ ಒಣಗುವುದೇ ಇಲ್ಲ.

ಹಟ್ಟಿಗೊಬ್ಬರ: ಗಂಜಳದಲ್ಲಿಯೂ ಉಪ್ಪಿನಂಶ ಉಂಟು. ಹಸಿ ಗೊಬ್ಬರ ತಗಡಿಗೆ ಅಂಟಿ ದಿನಗಟ್ಟಲೆ ಒದ್ದೆ ಹಿಡಿದಿಡುತ್ತದೆ.

ಕೆಸರು: ಕೆಂಪು ಮಣ್ಣು ತಾನಾಗಿ ಕಬ್ಬಿಣವನ್ನು ತಿನ್ನುವುದಿಲ್ಲ. ಆದರೆ ಚಕ್ರದ ಮೇಲಿನ ಗೂಡಿನಲ್ಲಿ, ಛಾಸಿಯ ಸಂದಿನಲ್ಲಿ ಮುದ್ದೆಯಾಗಿ ಕೂತು ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ಮಾಡುತ್ತದೆ. ಮೇಲೆ ಹೇಳಿದ ಉಪ್ಪುಗಳೂ ಅದರಲ್ಲೇ ನೆಲೆ ನಿಲ್ಲುತ್ತವೆ.

"ಮಳೆಗೆ ನಿಲ್ಲಿಸಿದರೆ ತೊಳೆದ ಹಾಗೇ ಆಯ್ತಲ್ಲ" ಎನ್ನುವವರಿದ್ದಾರೆ. ಮಳೆ ತೊಳೆಯುವುದು ಮಾಡನ್ನು. ಅಡಿಭಾಗಕ್ಕೆ ಮಳೆಯಿಂದ ಸಿಗುವುದು ರಸ್ತೆಯ ಕೆಸರು ಮಾತ್ರ.

ಅಮೆರಿಕದ ಉತ್ತರ ಭಾಗ, ಕೆನಡಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಿಸಲು ಉಪ್ಪು ಹಾಕುತ್ತಾರೆ. ಅಲ್ಲಿನವರು ಆ ತಿಂಗಳುಗಳಲ್ಲಿ ಕಾರಿನ ಅಡಿಭಾಗ ತೊಳೆಯಲು ವಿಶೇಷ ಗಮನ ಕೊಡುವುದು ಇದೇ ಕಾರಣಕ್ಕೆ. ನಮಗೆ ಮಂಜಿಲ್ಲ, ಉಪ್ಪು ಮಾತ್ರ ಉಂಟು, ನಾವೇ ಹೇರಿಕೊಂಡು ಬಂದದ್ದು.

ಸ್ಪ್ರಿಂಕ್ಲರ್ ಉಪಾಯ

ಅಡಿಭಾಗ ತೊಳೆಯಲು ಗ್ಯಾರೇಜಿನ ಲಿಫ್ಟ್ ಬೇಕೆಂದಿಲ್ಲ. ಹೆಚ್ಚಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಉಂಟು. ಗಿಡ್ಡ ಕಾಲಿನ ಒಂದು ಸಣ್ಣ ಸ್ಪ್ರಿಂಕ್ಲರನ್ನು ಹೋಸ್ ಪೈಪಿಗೆ ಸಿಕ್ಕಿಸಿ ವಾಹನದ ಅಡಿಗೆ ದೂಡಿ. ಗೇಟ್‌ವಾಲ್ವ್ ಅರ್ಧ ತೆರೆದರೆ ಸಾಕು. ಎರಡು ನಿಮಿಷ ಮುಂದಿನ ಭಾಗ, ಎರಡು ನಿಮಿಷ ಹಿಂದಿನ ಭಾಗ. ನಿಲ್ಲಿಸಿ ಹತ್ತು ನಿಮಿಷ ಬಿಡಿ, ಕೆಸರು ಮೆತ್ತಗಾಗಲಿ. ಮತ್ತೆ ಎರಡೆರಡು ನಿಮಿಷ ಬಿಟ್ಟರೆ ಬಿಳುಚಿದ ಕೆಸರು ನೀರು ಹರಿದು ಬರುತ್ತದೆ. ನಾನು ಹೀಗೆಯೇ ಮಾಡುತ್ತೇನೆ. ಅಡಿಗೆ ನುಗ್ಗುವ ಕೆಲಸವಿಲ್ಲ. ಯಾವ ಕಾರಣಕ್ಕೂ ಬರೇ ಜಾಕಿಯ ಮೇಲೆ ನಿಲ್ಲಿಸಿದ ವಾಹನದ ಅಡಿಗೆ ಹೋಗಬೇಡಿ.

ಚಕ್ರದ ಗೂಡಿಗೆ ಮಾತ್ರ ಕೈ ಹಾಕಲೇಬೇಕು. ಸ್ಟಿಯರಿಂಗನ್ನು ಪೂರಾ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿದರೆ ಮುಂದಿನ ಗೂಡಿನೊಳಗೆ ಕೈ ಹೋಗುತ್ತದೆ. ಗೂಡಿನ ಅಂಚಿನ ತಗಡು ಒಳಗೆ ಮಡಚಿಕೊಂಡಿರುತ್ತದೆ. ಆ ಮಡಿಕೆಯಲ್ಲಿ ಬೆರಳು ಆಡಿಸಿ ನೋಡಿ. ಹಿಡಿಯಷ್ಟು ಮಣ್ಣು ಸಿಗದಿದ್ದರೆ ಹೇಳಿ!

ಮದ್ದು ಬಿಡುವ ಎಚ್.ಟಿ.ಪಿ. ಪಂಪಿನಿಂದಲೇ ವಾಹನ ತೊಳೆಯುವ ಕ್ರಮ ಈಗ ಹೆಚ್ಚಾಗಿದೆ. ಒಳ್ಳೆಯದೇ, ಆದರೆ ಎರಡು ಮಾತು ನೆನಪಿರಲಿ. ಒಂದು, ಪಂಪು ಮತ್ತು ಪೈಪಿನಲ್ಲಿ ಬೋರ್ಡೋ ಉಳಿದಿರುತ್ತದೆ. ಮೊದಲು ಶುದ್ಧ ನೀರು ಎಳೆಸಿ, ಪೈಪಿನ ತುದಿಯಲ್ಲಿ ತಿಳಿ ನೀರು ಬರುವ ತನಕ ಹೊರಗೆ ಬಿಡಬೇಕು. ಕೀಟನಾಶಕ, ಕಳೆನಾಶಕ ಬಿಟ್ಟ ಪಂಪನ್ನು ಈ ಕೆಲಸಕ್ಕೆ ತರಲೇ ಬೇಡಿ. ಎರಡು, ಒತ್ತಡ ತಗ್ಗಿಸಿ, ನಾಝಲನ್ನು ಎರಡಡಿ ದೂರ ಹಿಡಿಯಿರಿ. ಹತ್ತಿರ ಹಿಡಿದರೆ ಬಿರುಕು ಬಿಟ್ಟ ಬಣ್ಣ ಎದ್ದು ಬರುತ್ತದೆ, ಬೇರಿಂಗಿನ ಸೀಲಿನೊಳಗೆ ನೀರು ನುಗ್ಗುತ್ತದೆ. ಎಂಜಿನ್ ಕೋಣೆಗೆ ಪಂಪು ಬೇಡವೇ ಬೇಡ. ಈಗಿನ ವಾಹನಗಳಲ್ಲಿ ಅಲ್ಲಿ ವಯರು, ಸೆನ್ಸರುಗಳೇ ತುಂಬಿವೆ. ತಣಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಿಡಿಸೂಡಿ ಕಡ್ಡಿಯ ಕೆಲಸ

ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿವೆ. ಗಾಜಿನ ಬದಿಯಿಂದ ಬಾಗಿಲಿನೊಳಗೆ ಇಳಿದ ಮಳೆನೀರು ಹೊರಗೆ ಹೋಗಲು ಕಂಪೆನಿಯವರೇ ಇಟ್ಟದ್ದು. ಬಾಗಿಲಿನ ಕೆಳಗಿನ ಹೊಸ್ತಿಲಿನಂಥ ಭಾಗದಲ್ಲಿಯೂ ಇಂಥ ತೂತುಗಳಿರುತ್ತವೆ. ಕೆಸರು, ತರಗೆಲೆ ಕೂತು ಇವು ಮುಚ್ಚಿದರೆ ಬಾಗಿಲು ಕೊಡಪಾನದಂತೆ ನೀರು ಹಿಡಿದಿಡುತ್ತದೆ. ಬಾಗಿಲಿನ ಅಡಿ ಅಂಚು ಮೊದಲು ಕೊಳೆಯುವುದು ಇದರಿಂದಲೇ.

ಬಿಡಿಸಲು ಹಿಡಿಸೂಡಿಯ ಒಂದು ಕಡ್ಡಿ ಸಾಕು. ಕಬ್ಬಿಣದ ಸರಿಗೆ ಬೇಡ, ತೂತಿನ ಅಂಚಿನ ಬಣ್ಣ ಗೀರಿ ಅಲ್ಲಿಂದಲೇ ತುಕ್ಕು ಶುರುವಾದೀತು. ಎದುರಿನ ಗಾಜಿನ ಬುಡದಲ್ಲಿ, ವೈಪರಿನ ಅಡಿಯಲ್ಲಿ ತರಗೆಲೆ ಸೇರುವ ಸಂದು ಉಂಟು. ಅದನ್ನೂ ಕೈಯಲ್ಲಿ ಹೆಕ್ಕಿ ತೆಗೆಯಿರಿ. ಅಲ್ಲಿ ನೀರು ಕಟ್ಟಿದರೆ ಕೆಲವು ವಾಹನಗಳಲ್ಲಿ ನೇರ ಕಾಲಬುಡಕ್ಕೆ ಸೋರುತ್ತದೆ.

ಮೈ ತೊಳೆಯುವ ಕ್ರಮ

ಅಡಿಭಾಗ ಆದ ಮೇಲೆ ಮೈ. ಬೆಳಗ್ಗೆ ಅಥವಾ ಸಂಜೆ, ನೆರಳಿನಲ್ಲಿ, ಬಾನೆಟ್ಟು ತಣಿದ ಮೇಲೆ ಶುರುಮಾಡಿ. ಬಿಸಿ ತಗಡಿನ ಮೇಲೆ ಸಾಬೂನು ಒಣಗಿ ಕಲೆಯಾಗುತ್ತದೆ.

ಧೂಳನ್ನು ಒಣಗಿದ್ದಾಗಲೇ ಒರೆಸುವ ಅಭ್ಯಾಸ ಬಿಡಬೇಕು. ನಮ್ಮ ಮುರಕಲ್ಲಿನ ಧೂಳಿನಲ್ಲಿ ಗಟ್ಟಿ ಮರಳಿನ ಕಣಗಳಿವೆ. ಒಣಬಟ್ಟೆಯಲ್ಲಿ ಉಜ್ಜುವುದೆಂದರೆ ಪಾಲಿಶ್ ಕಾಗದ ಹಾಕಿದ ಹಾಗೆ. ಮೊದಲು ನೀರು ಎರಚಿ ಕಣಗಳೆಲ್ಲ ಇಳಿದು ಹೋಗಲಿ.

ಬಾಲ್ದಿ ಎರಡು ಬೇಕು. ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬರೇ ನೀರು. ಒಂದು ಭಾಗ ಉಜ್ಜಿದ ಬಟ್ಟೆಯನ್ನು ಬರೇ ನೀರಿನಲ್ಲಿ ಹಿಂಡಿ, ಆಮೇಲೆ ಸಾಬೂನು ನೀರಿಗೆ ಅದ್ದಿ. ಒಂದೇ ಬಾಲ್ದಿಯಾದರೆ ಬಟ್ಟೆಯಲ್ಲಿ ಬಂದ ಮರಳು ಮತ್ತೆ ಮೈಗೇ ಹೋಗುತ್ತದೆ. ಮಾಡಿನಿಂದ ಶುರುಮಾಡಿ ಕೆಳಗೆ ಬನ್ನಿ. ಚಕ್ರಕ್ಕೆ ಬೇರೆಯೇ ಬಟ್ಟೆ. ಹಳೆಯ ಹತ್ತಿ ಪಂಚೆ ಒಳ್ಳೆಯದು, ಗುಂಡಿ, ಜಿಪ್ಪು ಇರುವ ಬಟ್ಟೆ ಬೇಡ. ತೆಂಗಿನ ನಾರು, ಪಾತ್ರೆ ಉಜ್ಜುವ ಸ್ಟೀಲು ನಾರು ಎರಡೂ ಬೇಡ.

ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾ ಇರುತ್ತದೆ. ಬಣ್ಣದ ಮೇಲಿನ ಮೇಣವನ್ನು ತೆಗೆದುಹಾಕುತ್ತದೆ, ಸಂದಿನಲ್ಲಿ ಉಳಿದರೆ ಒದ್ದೆ ಹಿಡಿಯುತ್ತದೆ. ವಾಹನದ ಶಾಂಪೂ ಸಿಗುತ್ತದೆ, ಒಂದು ಬಾಲ್ದಿಗೆ ಎರಡು ಮುಚ್ಚಳ ಸಾಕು. ನಾನು ಹೆಚ್ಚಾಗಿ ಬಳಸುವುದು ಅಂಟುವಾಳ. ಹದಿನೈದಿಪ್ಪತ್ತು ಕಾಯಿಯ ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಕಿವುಚಿ ಸೋಸಿದರೆ ಒಂದು ಬಾಲ್ದಿಗೆ ಆಗುತ್ತದೆ. ನೊರೆ ಕಡಿಮೆ, ಕೆಲಸಕ್ಕೆ ಅಡ್ಡಿಯಿಲ್ಲ. ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಬಹಳ ಉರಿಯುತ್ತದೆ.

ನಮ್ಮ ಕಡೆಯ ಕಲೆಗಳು

ಬೋರ್ಡೋ ಕಲೆ: ಹಸಿ ಇದ್ದಾಗ ನೀರಿಗೆ ಹೋಗುತ್ತದೆ. ಒಣಗಿ ಗಟ್ಟಿಯಾದರೆ ವಿನೆಗರಿಗೆ ನಾಲ್ಕು ಪಾಲು ನೀರು ಸೇರಿಸಿ, ಅದರಲ್ಲಿ ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಇಟ್ಟು ಒರೆಸಿ. ಹುಳಿ ತಾಗಿದಾಗ ತಾಮ್ರ ಮತ್ತೆ ಕರಗಿ ಬಿಡುಗಡೆಯಾಗುತ್ತದೆ. ಆದ್ದರಿಂದ ಕೂಡಲೇ ಧಾರಾಳ ನೀರು ಹಾಕಬೇಕು. ಬಣ್ಣ ಎದ್ದು ಕಬ್ಬಿಣ ಕಾಣುವ ಜಾಗದಲ್ಲಿ ಈ ಪ್ರಯೋಗ ಬೇಡ.

ಅಡಿಕೆ ಚೊಗರು: ಹಸಿ ಅಡಿಕೆ ಹೇರಿದಾಗ ಇಳಿಯುವ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇಂಥ ಚೊಗರು, ಕಬ್ಬಿಣಗಳ ಕೂಟದಿಂದಲೇ. ಪಿಕಪ್ಪಿನ ಹಾಸಿನಲ್ಲಿ ಎಲ್ಲಿ ಕಪ್ಪು ಕಲೆ ಎದ್ದಿದೆಯೋ ಅಲ್ಲಿ ಬಣ್ಣ ಹೋಗಿ ಕಬ್ಬಿಣ ತೆರೆದಿರಬಹುದು. ಅದನ್ನೊಂದು ಸೂಚನೆ ಎಂದು ತಿಳಿಯಿರಿ.

ಹಲಸಿನ ಮೇಣ: ಹಲಸು ಕೊರೆಯುವಾಗ ಕೈಗೆ ಏನು ಹಚ್ಚುತ್ತೇವೋ ಅದೇ ಮದ್ದು. ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸಾಬೂನು ನೀರಿನಲ್ಲಿ ತೊಳೆಯಿರಿ.

ಡಾಮರು: ಚಿಂದಿ ಬಟ್ಟೆಗೆ ನಾಲ್ಕು ಹನಿ ಡೀಸೆಲ್ ಸಾಕು. ಕೂಡಲೇ ಸಾಬೂನು ನೀರು ಹಾಕಿ. ಟಯರಿಗೂ ಬಾಗಿಲಿನ ರಬ್ಬರಿಗೂ ತಾಗಬಾರದು, ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಹಕ್ಕಿ, ಬಾವಲಿಗಳ ಹಿಕ್ಕೆ: ಬಿಸಿಲಿಗೆ ಒಣಗಿದರೆ ಬಣ್ಣದಲ್ಲೇ ಅಚ್ಚು ಬೀಳುತ್ತದೆ. ಕೆರೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಟ್ಟು ತೆಗೆಯಿರಿ.

ಮಾವಿನಡಿಯ ಅಂಟು: ಮಾವು ಹೂ ಬಿಟ್ಟ ಸಮಯದಲ್ಲಿ ಮರದಡಿ ನಿಲ್ಲಿಸಿದ ವಾಹನದ ಮೇಲೆ ಅಂಟು ಅಂಟು ಬೀಳುತ್ತದಲ್ಲ, ಅದು ಜಿಗಿಹುಳ ಬಿಡುವ ಸಿಹಿ ದ್ರವ. ಬಿಟ್ಟರೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೆಚ್ಚಗಿನ ನೀರಿಗೆ ಸುಲಭದಲ್ಲಿ ಹೋಗುತ್ತದೆ.

ಒಳಗೆ ಒಣಗಲಿ

ತೊಳೆದ ಮೇಲಿನ ಅರ್ಧ ಕೆಲಸ ಒಣಗಿಸುವುದು. ಮೂತಿ ಸ್ವಲ್ಪ ಎತ್ತರವಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾಗಿಲುಗಳನ್ನೆಲ್ಲ ತೆರೆದಿಡಿ. ಮ್ಯಾಟುಗಳನ್ನು ಹೊರಗೆ ತೆಗೆದು ಬೇರೆಯೇ ತೊಳೆದು ನೇತುಹಾಕಿ. ಮ್ಯಾಟಿನ ಅಡಿಯ ಕಾರ್ಪೆಟ್ಟನ್ನು ಕೈಯಿಂದ ಒತ್ತಿ ನೋಡಿ. ಒದ್ದೆ ಇದ್ದರೆ ಎತ್ತಿ ಗಾಳಿ ಆಡಲು ಬಿಡಬೇಕು. ಹೊರಗಿನ ಮಳೆಗಿಂತ ಇಲ್ಲಿ ನಿಂತ ನೀರೇ ತಗಡನ್ನು ಹೆಚ್ಚು ತಿನ್ನುತ್ತದೆ.

ಮೈಲುತುತ್ತು, ಪೊಟ್ಯಾಷ್ ತರುವಾಗ ಅಡಿಗೆ ದಪ್ಪ ಟರ್ಪಾಲು ಹಾಸಿ, ನಾಲ್ಕೂ ಅಂಚು ಮೇಲೆ ಮಡಚಿ ಇಡಿ. ಮನೆಗೆ ಬಂದ ಮೇಲೆ ಟರ್ಪಾಲನ್ನು ಹಾಗೆಯೇ ಎತ್ತಿ ಕೊಡವಿದರೆ ತೊಳೆಯುವ ಕೆಲಸವೇ ಅರ್ಧ ಕಡಿಮೆ. ಕೀಟನಾಶಕದ ಡಬ್ಬಿಯನ್ನು ಮಕ್ಕಳು ಕೂರುವ ಜಾಗದಲ್ಲಿ ಎಂದೂ ಇಡಬಾರದು. ಸೀಟಿನ ಬಟ್ಟೆಗೆ ಚೆಲ್ಲಿದ್ದು ಪೂರಾ ಹೋಗುವುದಿಲ್ಲ.

ತೊಳೆದ ಕೂಡಲೇ ರಸ್ತೆಗೆ ಇಳಿಯುವುದಾದರೆ ಮೆಲ್ಲಗೆ ಓಡಿಸುತ್ತ ನಾಲ್ಕೈದು ಸಲ ಬ್ರೇಕು ಒತ್ತಿ. ಒದ್ದೆ ಬ್ರೇಕು ಮೊದಲ ಸಲಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ತುಕ್ಕು ಕಂಡರೆ

ಬೊಟ್ಟಿನಷ್ಟು ತುಕ್ಕು ಕಂಡಾಗಲೇ ಕೈಹಾಕಬೇಕು. ಒಣ ಹವೆಯ ದಿನ, ಅಂದರೆ ಜನವರಿಯಿಂದ ಮಾರ್ಚಿನ ಒಳಗೆ ಈ ಕೆಲಸ ಇಟ್ಟುಕೊಳ್ಳಿ. ಪಾಲಿಶ್ ಕಾಗದದಲ್ಲಿ ಬಿಳಿ ಲೋಹ ಕಾಣುವ ತನಕ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅಡಿಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಅಡಿಭಾಗಕ್ಕೆ ಹಚ್ಚುವ ಕಪ್ಪು ಕೋಟಿಂಗಿಗೂ ಇದೇ ಮಾತು. ಒದ್ದೆ ಇರುವಾಗ, ಕೆಸರಿನ ಮೇಲೆ ಹೊಡೆಸಿದರೆ ನೀರನ್ನು ಒಳಗೆ ಹಾಕಿ ಬೀಗ ಹಾಕಿದಂತೆ.

ಸುಟ್ಟ ಎಂಜಿನ್ ಆಯಿಲನ್ನು ಛಾಸಿಗೆ ಬಳಿಯುವ ಹಳೆಯ ಕ್ರಮವೊಂದಿದೆ. ಬೇಡ. ಅದು ಬ್ರೇಕಿಗೆ ತಾಗಿದರೆ ಅಪಾಯ, ಸೈಲೆನ್ಸರಿಗೆ ತಾಗಿದರೆ ಹೊಗೆ, ರಬ್ಬರ್ ಬುಷ್ಷುಗಳಿಗೆ ಹಾನಿ. ತೊಟ್ಟಿಕ್ಕಿದ್ದೆಲ್ಲ ನಮ್ಮದೇ ಮಣ್ಣಿಗೆ. ಮೈಯ ಬಣ್ಣಕ್ಕೆ ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಮೇಣದ ಪಾಲಿಶ್ ಹಚ್ಚಿದರೆ ಸಾಕು. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿ ನಿಂತರೆ ಮೇಣ ಉಳಿದಿದೆ ಎಂದು ಲೆಕ್ಕ.

ನೀರಿನ ಲೆಕ್ಕ

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರವಾದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಅಲ್ಲಿನ ಜಲಮಂಡಳಿ ಆದೇಶ ಮಾಡಿತ್ತು. ನಮಗೆ ದಂಡ ಹಾಕುವವರಿಲ್ಲ, ಏಪ್ರಿಲ್‌ನಲ್ಲಿ ಕೆರೆಯೇ ಹಾಕುತ್ತದೆ.

ನಮ್ಮ ಅಂಗಳದ ಪೈಪಿನಲ್ಲಿ 15 ಲೀಟರಿನ ಬಾಲ್ದಿ ಒಂದು ನಿಮಿಷಕ್ಕೆ ತುಂಬುತ್ತದೆ. ಪೈಪು ಬಿಟ್ಟೇ ಅರ್ಧ ಗಂಟೆ ತೊಳೆದರೆ 450 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬ ಶಿಫಾರಸಿನ ಪ್ರಕಾರ ಅದು ಇಪ್ಪತ್ತಕ್ಕಿಂತ ಹೆಚ್ಚು ಮರಗಳ ಒಂದು ದಿನದ ಪಾಲು. ಬಾಲ್ದಿಯಲ್ಲಿ ತೊಳೆದರೆ ಮೈಗೆ ಆರು ಬಾಲ್ದಿ, ಅಂದರೆ 90 ಲೀಟರ್ ಧಾರಾಳ. ಬೇಸಗೆಯಲ್ಲಿ ಮೈ ತೊಳೆಯುವುದು ಬಿಟ್ಟರೂ ಅಡ್ಡಿಯಿಲ್ಲ. ಗೊಬ್ಬರ ಹೇರಿದ ದಿನ ಅಡಿಭಾಗ, ಹಾಸು ಮಾತ್ರ ಬಿಡಬೇಡಿ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ತೋಡಿನಲ್ಲಿ ಇಳಿಸಿ ತೊಳೆಯುವುದು ಬೇಡ. ಡೀಸೆಲ್, ಗ್ರೀಸು, ತಾಮ್ರ ಎಲ್ಲ ಕೆಳಗಿನವರ ಮನೆಗೆ ಹೋಗುತ್ತದೆ. ಅಂಟುವಾಳ ಗಿಡದ್ದೇ ಆದರೂ ಮೀನಿಗೆ ವಿಷ. ಬಾವಿ, ಕೆರೆಗಳಿಂದ ದೂರ, ಜಲ್ಲಿ ಹಾಸಿದ ಅಥವಾ ಹುಲ್ಲಿರುವ ಜಾಗದಲ್ಲಿ ತೊಳೆದರೆ ನೀರು ಅಲ್ಲೇ ಇಂಗುತ್ತದೆ.

ಯಾವಾಗ?

ಮದ್ದು ಬಿಡುವ ದಿನಗಳಲ್ಲಿ, ಮೈಲುತುತ್ತು ತಂದ ಅದೇ ಸಂಜೆ ಹಾಸಿಗೆ ನೀರು ಹಾಕಿ. ಪೊಟ್ಯಾಷ್, ಹಟ್ಟಿಗೊಬ್ಬರ ಹೇರಿದ ದಿನವೂ ಹಾಗೆಯೇ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸ್ಪ್ರಿಂಕ್ಲರ್ ಅಡಿಗೆ ದೂಡಿ. ತಿಂಗಳಿಗೊಮ್ಮೆ ಹಿಡಿಸೂಡಿ ಕಡ್ಡಿ. ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ, ಗ್ಯಾರೇಜಿನಲ್ಲಿ ಎತ್ತಿಸಿ ಬ್ರೇಕ್ ಪೈಪು ಮತ್ತು ಛಾಸಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಮೆಕ್ಯಾನಿಕ್ ನೋಡಿದ್ದಾನೆ ಎಂದು ಹೊರಗೆ ಚಾ ಕುಡಿಯುತ್ತ ಕೂರಬೇಡಿ.

ಅಡಿಭಾಗ ತೊಳೆಯಲು ಇದಕ್ಕಿಂತ ಸುಲಭದ ಉಪಾಯ ಮಾಡಿಕೊಂಡವರು ಇರಬಹುದು. ಇದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಉಳಿದವರಿಗೂ ಪ್ರಯೋಜನವಾದೀತು.